ಅಂಕ ಉಳಿಯಿತು, ಕೆಲಸ ಹೋಯಿತು

2008ರ ಅಕ್ಟೋಬರಿನಲ್ಲಿ ಡೇವಿಡ್‌ಸನ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಗಾರ್ಡ್‌ಗಳ, ಅಂದರೆ ಚೆಂಡು ತರುವ, ದೂರದಿಂದ ಹೊಡೆಯುವ ಆಟಗಾರರ ಬಗ್ಗೆ ಮುನ್ನೋಟ ಬರೆಯಲು ಕೂತವರಿಗೆ ಕೆಲಸ ಸಲೀಸಾಗಿ ಕಂಡಿರಬೇಕು. ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿರುವ, ಎರಡು ಸಾವಿರ ವಿದ್ಯಾರ್ಥಿಗಳೂ ಇಲ್ಲದ ಆ ಪುಟ್ಟ ಕಾಲೇಜು ಹಿಂದಿನ ಮಾರ್ಚ್‌ನಲ್ಲಿ ಗೊನ್ಜಾಗ, ಜಾರ್ಜ್‌ಟೌನ್, ವಿಸ್ಕಾನ್ಸಿನ್ ಎಂಬ ಮೂರು ದೊಡ್ಡ ಹೆಸರುಗಳನ್ನು ಒಂದರ ಹಿಂದೊಂದು ಕೆಡವಿ ರಾಷ್ಟ್ರೀಯ ಟೂರ್ನಿಯ ಕೊನೆಯ ಎಂಟರವರೆಗೆ ಹೋಗಿತ್ತು. ಅಲ್ಲಿ ಕಾನ್ಸಸ್ ಎದುರು ಸೋತದ್ದು 59-57ರಲ್ಲಿ. ಆ ವರ್ಷದ ಚಾಂಪಿಯನ್ ಆದದ್ದು ಅದೇ ಕಾನ್ಸಸ್. ಆ ನಾಲ್ಕು ಪಂದ್ಯಗಳಲ್ಲಿ 40, 30, 33, 25 ಅಂಕ ಹೊಡೆದ ಸ್ಟೆಫನ್ ಕರ್ರಿ ಎಂಬ ಸಣಕಲು ಹುಡುಗ ವೃತ್ತಿಪರ ಲೀಗ್ ಎನ್‌ಬಿಎಗೆ ಹಾರದೆ ಮೂರನೇ ವರ್ಷಕ್ಕೂ ಕಾಲೇಜಿಗೇ ಮರಳಿದ್ದ. ಇಷ್ಟಿದ್ದ ಮೇಲೆ ಮುನ್ನೋಟಕ್ಕೆ ಇನ್ನೇನು ಬೇಕು?

ಬೇಕಿದ್ದದ್ದು ಇನ್ನೊಂದು ಹೆಸರು. ಕಾನ್ಸಸ್ ಪಂದ್ಯದ ಕೊನೆಯ ಗಳಿಗೆಯಲ್ಲಿ ಕರ್ರಿಯನ್ನು ಇಬ್ಬರು ಮುತ್ತಿಕೊಂಡಾಗ ಚೆಂಡು ಹೋದದ್ದು ಜೇಸನ್ ರಿಚರ್ಡ್ಸ್ ಕೈಗೆ. ಅವನ ಶಾಟ್ ತಪ್ಪಿತು, ಪಂದ್ಯ ಮುಗಿಯಿತು. ಲೋಕದ ನೆನಪಿನಲ್ಲಿ ರಿಚರ್ಡ್ಸ್ ಉಳಿದಿದ್ದರೆ ಆ ತಪ್ಪಿದ ಶಾಟಿನ ಕಾರಣಕ್ಕೆ. ಆದರೆ ಆ ಋತುವಿನಲ್ಲಿ ಇಡೀ ದೇಶದಲ್ಲೇ ಪಂದ್ಯವೊಂದಕ್ಕೆ ಸರಾಸರಿ ಅತಿ ಹೆಚ್ಚು ಅಸಿಸ್ಟ್, ಅಂದರೆ ಅಂಕಕ್ಕೆ ದಾರಿಯಾದ ಪಾಸ್, ಕೊಟ್ಟವನು ಅವನೇ, 8.1. ಕರ್ರಿಯ ಮೂರಂಕದ ಶಾಟ್‌ಗಳು ದಾಖಲೆ ಮುರಿದ ವರ್ಷ ಅದು, ಒಟ್ಟು 162. ಅವುಗಳಲ್ಲಿ ಎಷ್ಟೋ ಶಾಟ್‌ಗಳ ಹಿಂದೆ ಒಂದೇ ಕಥೆಯಿತ್ತು: ಕರ್ರಿ ಚೆಂಡಿಲ್ಲದೆ ಓಡುತ್ತಾನೆ, ಎತ್ತರದ ಆಟಗಾರರು ಎದುರಾಳಿಗೆ ಅಡ್ಡ ನಿಂತು ಇಟ್ಟ ಸ್ಕ್ರೀನುಗಳ ಸುತ್ತ ನುಸುಳುತ್ತಾನೆ, ಅವನು ಹೊರಬರುವ ಜಾಗಕ್ಕೆ ಅವನಿಗಿಂತ ಅರೆಕ್ಷಣ ಮೊದಲೇ ಚೆಂಡು ಹೊರಟಿರುತ್ತದೆ. ಆ ಅರೆಕ್ಷಣ ರಿಚರ್ಡ್ಸ್‌ನದು. 2008ರ ಬೇಸಿಗೆಯಲ್ಲಿ ಅವನ ಓದು ಮುಗಿಯಿತು, ಹೊರಟುಹೋದ.

ನಮ್ಮ ಹಳ್ಳಿಗಳ ವಾಲಿಬಾಲ್ ಅಂಗಳದ ಸುತ್ತ ನಿಂತು ಆಟ ನೋಡಿದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಶಿಳ್ಳೆ ಬೀಳುವುದು ಸ್ಮ್ಯಾಶ್ ಹೊಡೆದವನಿಗೆ. ಟೂರ್ನಿಗೆ ತಂಡ ಕಟ್ಟುವ ಹಿರಿಯ ಮಾತ್ರ ಮೊದಲು ವಿಚಾರಿಸುವುದು ಲಿಫ್ಟರ್ ಯಾರೆಂದು. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲಿನ ಮುನ್ನೋಟಗಳಲ್ಲಿ ಈ ವಿಚಾರಣೆ ವಿರಳ. ಪ್ರತಿ ಶರತ್ಕಾಲದಲ್ಲಿ, ನವೆಂಬರಿನ ಮೊದಲ ಪಂದ್ಯಕ್ಕೆ ಮುಂಚೆ, ಪತ್ರಿಕೆಗಳು ಒಂದೊಂದು ತಂಡದ ಗಾರ್ಡ್‌ಗಳನ್ನು ಅಳೆಯುತ್ತವೆ. ಮೊದಲ ಸಾಲಿನಲ್ಲೇ ಬರುವ ಲೆಕ್ಕ ಒಂದು: ಹಿಂದಿನ ವರ್ಷದ ಅಂಕಗಳಲ್ಲಿ ನೂರಕ್ಕೆ ಎಷ್ಟು ಮರಳಿ ಬರುತ್ತಿವೆ? ಈ ಲೆಕ್ಕ ಸುಳ್ಳಲ್ಲ, ಅಡ್ಡದಾರಿ ಹಿಡಿಸುವಂಥದ್ದು. ಹೋದವನು ಎಷ್ಟು ಅಂಕ ಕೊಂಡೊಯ್ದ ಎನ್ನುವುದಕ್ಕಿಂತ ಯಾವ ಕೆಲಸ ಕೊಂಡೊಯ್ದ, ಅದು ಈಗ ಯಾರ ಹೆಗಲಿಗೆ ಬೀಳುತ್ತದೆ ಎನ್ನುವುದರಿಂದಲೇ ಮುಂದಿನ ಋತು ತೀರ್ಮಾನವಾಗುತ್ತದೆ ಎಂಬುದು ನನ್ನ ವಾದ.

ಡೇವಿಡ್‌ಸನ್‌ನಲ್ಲಿ ಅದು ಕರ್ರಿಯ ಹೆಗಲಿಗೇ ಬಿತ್ತು. ಕೋಚ್ ಬಾಬ್ ಮೆಕಿಲಪ್ ಅವನನ್ನು ಪಾಯಿಂಟ್ ಗಾರ್ಡ್ ಮಾಡಿದರು. ಚೆಂಡನ್ನು ಅಂಗಳದ ಈ ತುದಿಯಿಂದ ಆ ತುದಿಗೆ ತರುವುದೂ ಅವನೇ, ಆಟ ಹೆಣೆಯುವುದೂ ಅವನೇ, ಕೊನೆಗೆ ಹೊಡೆಯುವುದೂ ಅವನೇ. ಅಂಕಪಟ್ಟಿ ನೋಡಿದವರಿಗೆ ಇದು ಬಡ್ತಿ. ಸರಾಸರಿ 25.9ರಿಂದ 28.6ಕ್ಕೆ ಏರಿತು, ದೇಶಕ್ಕೇ ಮೊದಲು. ಅಸಿಸ್ಟ್ 2.9ರಿಂದ 5.6ಕ್ಕೆ ಹೋಯಿತು. ಅದೇ ಪಟ್ಟಿಯಲ್ಲಿ ಸ್ವಲ್ಪ ಕೆಳಗೆ ಕಣ್ಣಾಡಿಸಿದರೆ ಬೇರೆ ಸುದ್ದಿಯಿದೆ. ಮೂರಂಕದ ಶಾಟ್‌ಗಳಲ್ಲಿ ಗುರಿ ಮುಟ್ಟುವ ಪ್ರಮಾಣ ಶೇ. 43.9ರಿಂದ ಶೇ. 38.7ಕ್ಕೆ ಇಳಿಯಿತು, ಟರ್ನೋವರ್, ಅಂದರೆ ಕೈತಪ್ಪಿ ಎದುರಾಳಿಗೆ ಹೋದ ಚೆಂಡು, ಪಂದ್ಯಕ್ಕೆ ಸುಮಾರು ಒಂದರಷ್ಟು ಹೆಚ್ಚಾಯಿತು. ಓಡಿ ಬಂದು ಸಿದ್ಧ ಚೆಂಡು ಹಿಡಿದು ಹೊಡೆಯುವವನು ಈಗ ಅರ್ಧ ಅಂಗಳ ಡ್ರಿಬಲ್ ಮಾಡಿ, ಮೈಮೇಲೆ ಬಿದ್ದವನನ್ನು ಕೊಡವಿ, ಆಮೇಲೆ ಹೊಡೆಯಬೇಕಾಗಿತ್ತು. ಆ ವರ್ಷ ಡೇವಿಡ್‌ಸನ್ ತನ್ನ ಕಾನ್ಫರೆನ್ಸ್ ಟೂರ್ನಿಯ ಸೆಮಿಫೈನಲ್‌ನಲ್ಲಿ ಕಾಲೇಜ್ ಆಫ್ ಚಾರ್ಲ್ಸ್‌ಟನ್‌ಗೆ ಸೋತು, ರಾಷ್ಟ್ರೀಯ ಟೂರ್ನಿಗೆ ಕರೆಯೇ ಬಾರದೆ, ಎರಡನೇ ದರ್ಜೆಯ ಎನ್‌ಐಟಿಯಲ್ಲಿ ಆಡಿತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ಹೊರಟವನು ರಿಚರ್ಡ್ಸ್ ಒಬ್ಬನೇ ಅಲ್ಲ. ಸ್ಕ್ರೀನ್ ಇಡುತ್ತಿದ್ದ ಥಾಮಸ್ ಸ್ಯಾಂಡರ್, ಬೊರಿಸ್ ಮೆನೊ ಕೂಡ ಅದೇ ಬೇಸಿಗೆಯಲ್ಲಿ ಹೊರಟರು. ಜೊತೆಗೆ 27 ಪಂದ್ಯ ಗೆದ್ದು 8 ಸೋತ ಋತುವನ್ನು ವಿಫಲ ಎನ್ನುವುದು ದುರಾಸೆ. ಒಪ್ಪುತ್ತೇನೆ. ಆದರೆ ಎದುರಾಳಿಗಳು ಡೇವಿಡ್‌ಸನ್‌ ವಿರುದ್ಧ ಹೂಡಿದ ತಂತ್ರ ನೋಡಿ. ನವೆಂಬರ್ 25ರಂದು ಮೇರಿಲ್ಯಾಂಡಿನ ಲೊಯೋಲಾ ತಂಡ ಪಂದ್ಯವಿಡೀ ಇಬ್ಬರನ್ನು ಕರ್ರಿಯ ಬೆನ್ನಿಗೆ ಅಂಟಿಸಿತು. ಅವನು ಮೂಲೆಯಲ್ಲಿ ಹೋಗಿ ನಿಂತುಕೊಂಡ. ಉಳಿದ ನಾಲ್ವರು ಮೂವರ ಎದುರು ಆಡಿ 78-48ರಿಂದ ಗೆದ್ದರು. ಕರ್ರಿಯ ಅಂಕ ಸೊನ್ನೆ. ಅದಕ್ಕೆ ಒಂದು ವಾರ ಮೊದಲು ಓಕ್ಲಹೋಮದ ಎದುರು ಅವನು 44 ಹೊಡೆದಿದ್ದ, ತಂಡ ಸೋತಿತ್ತು. ಅವನು ಸೊನ್ನೆಗೆ ನಿಂತ ದಿನ ಮೂವತ್ತು ಅಂಕದ ಗೆಲುವು, ನಲವತ್ತನಾಲ್ಕು ಹೊಡೆದ ದಿನ ಸೋಲು. ಎದುರಾಳಿಗಳಲ್ಲಿ ಅಜಗಜಾಂತರ ಇತ್ತು ನಿಜ. ಆದರೂ ಗಾರ್ಡ್‌ಗಳನ್ನು ಅಂಕದಿಂದಲೇ ತೂಗುವವರು ಈ ಎರಡು ಪಂದ್ಯಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಒಮ್ಮೆ ಯೋಚಿಸಬೇಕು.

ಕರ್ರಿಯ ಪಾಲಿಗೆ ಆ ವರ್ಷ ಲಾಭವೇ. ಅವನ ಎತ್ತರಕ್ಕೆ ಎನ್‌ಬಿಎಯಲ್ಲಿ ಪಾಯಿಂಟ್ ಗಾರ್ಡ್ ಆಗದೆ ಬೇರೆ ದಾರಿಯಿಲ್ಲ ಎಂಬ ಮಾತಿತ್ತು, ಆ ಕಸುಬು ಕಲಿಯಲೆಂದೇ ಅವನು ಕಾಲೇಜಿಗೆ ಮರಳಿದ್ದ. ಋತು ಮುಗಿದ ಮೇಲೆ ಎನ್‌ಬಿಎಗೆ ಏಳನೆಯವನಾಗಿ ಆಯ್ಕೆಯಾದ. ಆಟಗಾರನಿಗೆ ಒಳ್ಳೆಯದು ಬೇರೆ, ತಂಡಕ್ಕೆ ಒಳ್ಳೆಯದು ಬೇರೆ. ಮುನ್ನೋಟಗಳು ಎರಡನ್ನೂ ಒಂದೇ ವಾಕ್ಯದಲ್ಲಿ ಕಲಸಿಬಿಡುತ್ತವೆ. ಇನ್ನೊಂದು ಮಾತು. ಸ್ಟೀವ್ ಕರ್ ಕೋಚ್ ಆಗಿ ಬಂದ ಮೇಲೆ ಅವನ ಎನ್‌ಬಿಎ ತಂಡ ಗೋಲ್ಡನ್ ಸ್ಟೇಟ್ ಪ್ರಶಸ್ತಿ ಗೆದ್ದ ಋತುಗಳಲ್ಲಿ ಕರ್ರಿ ಮತ್ತೆ ಚೆಂಡಿಲ್ಲದೆ ಓಡತೊಡಗಿದ. ಪಾಸ್ ಕೊಡುವ ಕೆಲಸದಲ್ಲಿ ದೊಡ್ಡ ಪಾಲು ಡ್ರೇಮಂಡ್ ಗ್ರೀನ್‌ಗೆ ಹೋಯಿತು. ರಿಚರ್ಡ್ಸ್ ಮಾಡುತ್ತಿದ್ದ ಕೆಲಸಕ್ಕೆ ಮತ್ತೆ ಒಬ್ಬ ಬೇಕಾಯಿತು, ಅಷ್ಟೇ.

ಈಗ ಇದರ ತಿರುಗುಮುರುಗು. 2018ರ ಮಾರ್ಚ್ 16ರಂದು ಅಗ್ರಶ್ರೇಯಾಂಕದ ವರ್ಜೀನಿಯಾ ವಿಶ್ವವಿದ್ಯಾಲಯ ರಾಷ್ಟ್ರೀಯ ಟೂರ್ನಿಯ ತನ್ನ ಮೊದಲ ಪಂದ್ಯದಲ್ಲೇ ಯುಎಂಬಿಸಿ ಎಂಬ, ಬಾಲ್ಟಿಮೋರ್ ಕೌಂಟಿಯ ಹೆಸರಿಲ್ಲದ ತಂಡಕ್ಕೆ 74-54ರಿಂದ ಸೋತಿತು. ಪುರುಷರ ಟೂರ್ನಿಯಲ್ಲಿ ಅಗ್ರಶ್ರೇಯಾಂಕದ ತಂಡಗಳು ಹದಿನಾರನೇ ಶ್ರೇಯಾಂಕದವರ ಎದುರು ಅದುವರೆಗೆ ಆಡಿದ್ದ 135 ಪಂದ್ಯಗಳನ್ನೂ ಗೆದ್ದಿದ್ದವು. ಇಂಥದ್ದು ಅದೇ ಮೊದಲು. ಅರ್ಧವಿರಾಮಕ್ಕೆ 21-21 ಇದ್ದ ಪಂದ್ಯವದು. ಆ ಸೋಲಿನ ನಂತರದ ಶರತ್ಕಾಲದಲ್ಲಿ ವರ್ಜೀನಿಯಾದ ಗಾರ್ಡ್‌ಗಳ ಬಗ್ಗೆ ಬರೆಯುವುದೆಂದರೆ ಮುಜುಗರದ ಕೆಲಸ. ಕೈಲ್ ಗಾಯ್, ಟೈ ಜೆರೋಮ್ ಮರಳಿದ್ದರು. ಇಬ್ಬರೂ ಆ ಅಂಗಳದಲ್ಲಿ ಇದ್ದವರೇ. ಗಟ್ಟಿ ರಕ್ಷಣೆಯ ಡೆವನ್ ಹಾಲ್ ಹೊರಟಿದ್ದ. ಬಂದವನು ಕಿಹೆ ಕ್ಲಾರ್ಕ್, ಐದಡಿ ಒಂಬತ್ತು ಇಂಚಿನ ಕ್ಯಾಲಿಫೋರ್ನಿಯಾದ ಹುಡುಗ, ಮೊದಲು ಯೂಸಿ ಡೇವಿಸ್ ಎಂಬ ಸಣ್ಣ ತಂಡಕ್ಕೆ ಹೋಗಲು ಒಪ್ಪಿದ್ದವನು. ಅಂಕದ ತಕ್ಕಡಿಯಲ್ಲಿ ಇದು ನಷ್ಟದ ವ್ಯಾಪಾರ.

ಕ್ಲಾರ್ಕ್ ಆ ವರ್ಷ ಪಂದ್ಯಕ್ಕೆ ಐದು ಅಂಕವನ್ನೂ ಹೊಡೆಯಲಿಲ್ಲ. ಅವನು ಮಾಡಿದ್ದು ಬೇರೆ. ಎದುರಾಳಿಯ ಚೆಂಡು ತರುವವನಿಗೆ ಅಂಗಳದ ಆ ತುದಿಯಿಂದಲೇ ಜಿಗಣೆಯಾದ. ತನ್ನ ತಂಡದ ಚೆಂಡನ್ನು ಒತ್ತಡದಲ್ಲಿ ತರುವ ಹೊರೆಯನ್ನು ಜೆರೋಮ್‌ನ ತಲೆಯಿಂದ ಇಳಿಸಿದ. ಜೆರೋಮ್‌ಗೆ ಎತ್ತರವಿದೆ, ಇಡೀ ಅಂಗಳ ಕಾಣುವ ಕಣ್ಣಿದೆ. ಚೆಂಡನ್ನು ಕಾಯುವ ಚಿಂತೆ ತಗ್ಗಿದರೆ ಅವನ ಪಾಸುಗಳು ಹರಿತವಾಗುತ್ತವೆ. ಗಾಯ್ ಸ್ಕ್ರೀನುಗಳ ಸುತ್ತ ಓಡುವುದನ್ನು ಮುಂದುವರಿಸಿದ. ಕೋಚ್ ಟೋನಿ ಬೆನೆಟ್ ತಮ್ಮ ತಂದೆಯಿಂದ ಕಲಿತ ರಿಂಗಿನ ಸುತ್ತ ಒತ್ತಾಗಿ ನಿಲ್ಲುವ ‘ಪ್ಯಾಕ್ ಲೈನ್’ ರಕ್ಷಣೆಯನ್ನಾಗಲಿ ಆಮೆವೇಗದ ಆಟವನ್ನಾಗಲಿ ಬಿಡಲಿಲ್ಲ. ಹೊರಗಿನವರಿಗೆ ತಂಡ ಹಾಗೇ ಇದ್ದಂತೆ ಕಂಡಿತು. ಒಳಗೆ ಮೂವರು ಗಾರ್ಡ್‌ಗಳ ನಡುವಿನ ಕೆಲಸದ ಹಂಚಿಕೆ ಬದಲಾಗಿತ್ತು.

ಅದರ ಫಲ 2019ರ ಮಾರ್ಚ್ 30ರಂದು ಕಂಡಿತು. ಪರ್ಡ್ಯೂ ಎದುರು ಕೊನೆಯ ಎಂಟರ ಪಂದ್ಯ. ಪರ್ಡ್ಯೂನ ಕಾರ್ಸನ್ ಎಡ್ವರ್ಡ್ಸ್ ಒಬ್ಬನೇ 42 ಅಂಕ ಹೊಡೆದಿದ್ದ. ವರ್ಜೀನಿಯಾ ಎರಡು ಅಂಕ ಹಿಂದೆ, ಆರು ಸೆಕೆಂಡೂ ಉಳಿದಿಲ್ಲ, ಜೆರೋಮ್‌ನ ಎರಡನೇ ಫ್ರೀ ಥ್ರೋ ತಪ್ಪಿತು. ಮಮಾಡಿ ಡಿಯಾಕಿಟೆ ತಟ್ಟಿದ ಚೆಂಡು ಅರ್ಧಗೆರೆ ದಾಟಿ ತಮ್ಮದೇ ಹಿಂಬದಿಗೆ ಉರುಳಿತು. ಕ್ಲಾರ್ಕ್ ಓಡಿ ಹಿಡಿದ. ಹತ್ತಿರದಲ್ಲಿ ಜೆರೋಮ್ ಇದ್ದ. ಎಂಥವರೂ ಅವನಿಗೇ ಕೊಡುತ್ತಿದ್ದರು. ಕ್ಲಾರ್ಕ್ ದೂರದ ಡಿಯಾಕಿಟೆಯ ಎದೆಗೆ ನೇರ ಎಸೆದ, ಡಿಯಾಕಿಟೆ ಗಂಟೆಯೊಂದಿಗೇ ಹೊಡೆದ, 70-70. ಹೆಚ್ಚುವರಿ ಅವಧಿಯಲ್ಲಿ 80-75. ಮುಂದೆ ಸೆಮಿಫೈನಲ್‌ನಲ್ಲಿ ಆಬರ್ನ್ ಎದುರು 0.6 ಸೆಕೆಂಡ್ ಉಳಿದಿದ್ದಾಗ ಗಾಯ್ ಮೂರು ಫ್ರೀ ಥ್ರೋ ಹಾಕಿ ಒಂದು ಅಂಕದಿಂದ ಗೆಲ್ಲಿಸಿದ್ದು, ಫೈನಲ್‌ನಲ್ಲಿ ಟೆಕ್ಸಸ್ ಟೆಕ್ ಎದುರು 85-77, ಇವೆಲ್ಲ ಜನರಿಗೆ ಗೊತ್ತಿರುವ ಸಂಗತಿ. ಆದರೆ ನಾಲ್ಕೂವರೆ ಅಂಕದ ಹುಡುಗನ ಆ ಒಂದು ಪಾಸ್ ಇಲ್ಲದಿದ್ದರೆ ಅವು ಯಾವುವೂ ನಡೆಯುತ್ತಿರಲಿಲ್ಲ.

ಹಾಗಾದರೆ ಕ್ಲಾರ್ಕ್‌ನಂಥವನಿದ್ದರೆ ಸಾಕೇ? ಇಲ್ಲೇ ಮುನ್ನೋಟದ ಇನ್ನೊಂದು ದೌರ್ಬಲ್ಯ. ಕೋವಿಡ್ ಕಾಲದ ವಿನಾಯಿತಿಯಿಂದ ಅವನಿಗೆ ಐದನೇ ವರ್ಷವೂ ಸಿಕ್ಕಿತು. ವರ್ಜೀನಿಯಾದ ಇತಿಹಾಸದಲ್ಲೇ ಅತಿ ಹೆಚ್ಚು ಅಸಿಸ್ಟ್ ಕೊಟ್ಟವನಾದ. ಐದು ವರ್ಷ ಪಳಗಿದ ಪಾಯಿಂಟ್ ಗಾರ್ಡ್ ಇರುವ ತಂಡವನ್ನು ಯಾರು ತಾನೇ ಹೊಗಳುವುದಿಲ್ಲ? 2023ರ ಮಾರ್ಚ್ 16ರಂದು, ಯುಎಂಬಿಸಿ ಸೋಲಿಗೆ ಸರಿಯಾಗಿ ಐದು ವರ್ಷಕ್ಕೆ, ಫರ್ಮನ್ ಎದುರು ಎರಡು ಅಂಕ ಮುಂದಿದ್ದಾಗ, ಕೆಲವೇ ಸೆಕೆಂಡುಗಳಿರುವಾಗ ಅವನು ಮೂಲೆಯಲ್ಲಿ ಸಿಕ್ಕಿಬಿದ್ದ. ಚೆಂಡನ್ನು ಹಿಡಿದು ಫೌಲ್‌ಗೆ ಕಾಯುವ ಬದಲು ಎತ್ತಿ ದೂರ ಎಸೆದ. ಫರ್ಮನ್ ಅದನ್ನು ಹಿಡಿಯಿತು, ಜೆ.ಪಿ. ಪೆಗ್ಯೂಸ್ ಮೂರಂಕ ಹೊಡೆದ, 68-67. ಪರ್ಡ್ಯೂ ಎದುರು ಮೊದಲ ವರ್ಷದ ಹುಡುಗನಾಗಿ ತೋರಿದ ಸಮಚಿತ್ತ ಐದನೇ ವರ್ಷದಲ್ಲಿ ಕೈಕೊಟ್ಟಿತು. ‘ಅನುಭವಿ ಗಾರ್ಡ್’ ಎಂಬ ಪದಪುಂಜವನ್ನು ಮುನ್ನೋಟಗಳು ಮಂತ್ರದಂತೆ ಜಪಿಸುತ್ತವೆ. ಅನುಭವ ತಪ್ಪುಗಳ ಸಂಖ್ಯೆಯನ್ನು ತಗ್ಗಿಸಬಲ್ಲದು, ಒಂದು ನಿರ್ದಿಷ್ಟ ತಪ್ಪನ್ನು ತಡೆಯಲಾರದು. ಸೋತರೆ ಮನೆಗೆ ಹೋಗುವ ಟೂರ್ನಿಯಲ್ಲಿ ಒಂದೇ ತಪ್ಪು ಸಾಕು.

ಪ್ರತಿಭೆಯ ಪರ ವಾದಿಸುವವರೂ ಇದ್ದಾರೆ. ಅವರಿಗೆ ಕೆಂಟಕಿಯ 2023-24ರ ಋತು ತೋರಿಸಬಹುದು. ರೀಡ್ ಶೆಪರ್ಡ್, ರಾಬ್ ಡಿಲಿಂಗ್‌ಹ್ಯಾಮ್, ಮುಂದಿನ ಬೇಸಿಗೆಯಲ್ಲೇ ಎನ್‌ಬಿಎಗೆ ಮೂರನೆಯವನಾಗಿ, ಎಂಟನೆಯವನಾಗಿ ಆಯ್ಕೆಯಾದವರು. ಇಬ್ಬರನ್ನೂ ಹೆಚ್ಚಾಗಿ ಬೆಂಚಿನಿಂದ ಇಳಿಸುವಷ್ಟು ಗಾರ್ಡ್‌ಗಳ ಸಿರಿ ಆ ತಂಡಕ್ಕಿತ್ತು. ಮೊದಲ ಸುತ್ತಿನಲ್ಲೇ ಓಕ್ಲೆಂಡ್ ಎಂಬ ಮಿಶಿಗನ್‌ನ ತಂಡ 80-76ರಿಂದ ಮನೆಗೆ ಕಳಿಸಿತು. ಕೆಳಹಂತದ ಕಾಲೇಜಿನಿಂದ ಬಂದ ಜ್ಯಾಕ್ ಗೋಲ್ಕಿ ಹತ್ತು ಮೂರಂಕ ಹೊಡೆದ. ಆ ಮನುಷ್ಯ ಗೆರೆಯ ಒಳಗೆ ಬಂದು ಹೊಡೆದದ್ದು ಋತುವಿಡೀ ಬೆರಳೆಣಿಕೆಯಷ್ಟು ಸಲ. ಒಂದೇ ಕೆಲಸ ಗೊತ್ತಿದ್ದವನು, ಅದನ್ನಷ್ಟೇ ಮಾಡಲು ಬಿಟ್ಟ ತಂಡ. ಕಚೇರಿಯ ಪಂತಕ್ಕೆಂದು ಮಾರ್ಚ್‌ನಲ್ಲಿ ಟೂರ್ನಿಯ ಗೆಲುವುಗಳನ್ನು ಊಹಿಸಿ ಬ್ರ್ಯಾಕೆಟ್ ತುಂಬುವ ಅಮೆರಿಕದ ಕನ್ನಡಿಗ ಎಂಜಿನಿಯರುಗಳಲ್ಲಿ ಎಷ್ಟೋ ಜನರ ಹಾಳೆ ಆ ರಾತ್ರಿಯೇ ಹರಿದಿರಬೇಕು.

ಇಷ್ಟು ಹೊತ್ತು ನಾನು ಹೇಳಿದ್ದು ಒಬ್ಬರನ್ನೊಬ್ಬರು ಅರಿತ ಗಾರ್ಡ್‌ಗಳ ಕಾಲದ ಮಾತು ಎಂದು ಯಾರಾದರೂ ತಳ್ಳಿಹಾಕಬಹುದು. 2021ರಲ್ಲಿ ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆ ಎನ್‌ಸಿಎಎ ನಿಯಮ ಸಡಿಲಿಸಿ, ಕಾಲೇಜು ಬದಲಿಸಿದವನು ಒಂದು ವರ್ಷ ಕಾಯದೆ ಒಮ್ಮೆ ಆಡಬಹುದೆಂದಿತು. 2024ರಲ್ಲಿ ಎಷ್ಟು ಸಲ ಬೇಕಾದರೂ ಎಂದಿತು. 2025ರ ಜುಲೈನಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡತೊಡಗಿದವು. ಏಪ್ರಿಲ್ ಬಂತೆಂದರೆ ಕಾಲೇಜು ಬದಲಿಸುವವರು ಹೆಸರು ಕೊಡುವ ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ ಸಂತೆ. ಹೀಗಿರುವಾಗ ಮರಳಿ ಬರುವ ಅಂಕಗಳ ಲೆಕ್ಕಕ್ಕೆ ಅರ್ಥವೇ ಉಳಿದಿಲ್ಲ. ಅದರ ಜಾಗಕ್ಕೆ ಈಗ ಕೊಂಡು ತಂದ ಅಂಕಗಳ ಲೆಕ್ಕ ಬಂದಿದೆ. ಇದು ಮೊದಲಿನದಕ್ಕಿಂತಲೂ ಪೊಳ್ಳು. ಸಣ್ಣ ಕಾನ್ಫರೆನ್ಸಿನಲ್ಲಿ ಇಪ್ಪತ್ತು ಹೊಡೆದವನ ಜೊತೆ ಅವನ ಇಪ್ಪತ್ತು ಬರುವುದಿಲ್ಲ. ಅಲ್ಲಿ ಅವನಿಗೆ ಪಾಸ್ ಕೊಟ್ಟವನು, ಸ್ಕ್ರೀನ್ ಇಟ್ಟವನು, ಅವನ ಬದಲು ಎದುರಾಳಿಯ ದೊಡ್ಡ ಗಾರ್ಡ್‌ನನ್ನು ಕಾದವನು, ಇವರೆಲ್ಲ ಅಲ್ಲೇ ಉಳಿದಿರುತ್ತಾರೆ.

ಆದರೂ ನನ್ನ ವಾದಕ್ಕೆ ಅತ್ಯಂತ ಬಲವಾದ ಸವಾಲು ಬಂದದ್ದು ಈ ಸಂತೆಯಿಂದಲೇ. ಫ್ಲೋರಿಡಾ ವಿಶ್ವವಿದ್ಯಾಲಯ 2024ರ ಟೂರ್ನಿಯ ಮೊದಲ ಸುತ್ತಿನಲ್ಲಿ ಕೊಲರಾಡೋಗೆ 102-100ರಿಂದ ಸೋತಿತು. ವಾಲ್ಟರ್ ಕ್ಲೇಟನ್ ಜೂನಿಯರ್ 33 ಹೊಡೆದರೂ. ಚೆಂಡು ತಂದು ಆಟ ಹೆಣೆಯುತ್ತಿದ್ದ ಝಯಾನ್ ಪುಲ್ಲಿನ್ ಆ ಬೇಸಿಗೆಯಲ್ಲಿ ಹೊರಟ. ಅಂದರೆ ಡೇವಿಡ್‌ಸನ್‌ನ ಪರಿಸ್ಥಿತಿಯೇ: ಪಾಸ್ ಕೊಡುವವನು ಹೋದ, ಹೊಡೆಯುವವನು ಉಳಿದ, ಕೋಚ್ ಟಾಡ್ ಗೋಲ್ಡನ್ ಹೊಡೆಯುವವನ ಕೈಗೇ ಹೆಚ್ಚು ಚೆಂಡು ಕೊಟ್ಟರು. ಋತುಪೂರ್ವ ಪಟ್ಟಿಯ ಮೊದಲ ಇಪ್ಪತ್ತರಲ್ಲೂ ಇರದಿದ್ದ ಫ್ಲೋರಿಡಾ 2025ರ ಏಪ್ರಿಲ್ 7ರಂದು ಸ್ಯಾನ್ ಆಂಟೋನಿಯೊದಲ್ಲಿ ಹ್ಯೂಸ್ಟನ್ ತಂಡವನ್ನು 65-63ರಿಂದ ಸೋಲಿಸಿ ಚಾಂಪಿಯನ್ ಆಯಿತು.

ವ್ಯತ್ಯಾಸ ಎಲ್ಲಿ? ಕ್ಲೇಟನ್‌ನ ಸರಾಸರಿ ನೋಡಿ: 17.6ರಿಂದ 18.3. ಒಂದು ಅಂಕವೂ ಏರಲಿಲ್ಲ. ಏರಿದ್ದು ಅಸಿಸ್ಟ್. ಅವನ ಪಕ್ಕದಲ್ಲಿ ಬೆಲ್‌ಮಾಂಟ್‌ನಿಂದ 2022ರಲ್ಲಿ ಬಂದ ವಿಲ್ ರಿಚರ್ಡ್, ಫ್ಲೋರಿಡಾ ಅಟ್ಲಾಂಟಿಕ್ ಜೊತೆ 2023ರ ಕೊನೆಯ ನಾಲ್ಕರಲ್ಲಿ ಆಡಿ ಬಂದ ಅಲೈಜಾ ಮಾರ್ಟಿನ್ ಇದ್ದರು. ಇಬ್ಬರೂ ತಾವೇ ಡ್ರಿಬಲ್ ಮಾಡಿ ರಿಂಗಿನತ್ತ ನುಗ್ಗಬಲ್ಲವರು, ಹಾಗೆಂದು ಚೆಂಡು ಸಿಗದಿದ್ದರೆ ಮುಖ ಊದಿಸಿಕೊಳ್ಳದವರು. ಕ್ಲೇಟನ್ ಕೂಡ ಅಯೋನಾದಿಂದ ಬಂದವನೇ. ಕರ್ರಿಯ ಮೇಲೆ ಇಬ್ಬರನ್ನು ಬಿಟ್ಟ ಎದುರಾಳಿ ಕ್ಲೇಟನ್ ಮೇಲೆ ಹಾಗೆ ಬಿಡುವ ಮುಂಚೆ ಎರಡು ಸಲ ಯೋಚಿಸಬೇಕಿತ್ತು. ಪುಲ್ಲಿನ್‌ನ ಕೆಲಸ ಒಬ್ಬನ ಮೇಲೆ ಬೀಳದೆ ಮೂವರಲ್ಲಿ ಹರಿದುಹೋಯಿತು. ಅಲ್ಲಿಗೆ ಈ ಉದಾಹರಣೆಯೂ ನನ್ನ ವಾದಕ್ಕೆ ಎದುರು ನಿಲ್ಲುವುದಿಲ್ಲ, ಆದರೆ ಒಂದು ತಿದ್ದುಪಡಿ ಕೇಳುತ್ತದೆ: ಜೊತೆಗೆ ಕಳೆದ ವರ್ಷಗಳೇ ಮುಖ್ಯವಲ್ಲ, ಚೆಂಡು ಬಿಟ್ಟುಕೊಡಲು ಮನಸ್ಸಿರುವವರನ್ನು ಆರಿಸಿ ತಂದರೆ ಒಂದೇ ಋತುವೂ ಸಾಕಾಗಬಹುದು.

ಹ್ಯೂಸ್ಟನ್ ಎದುರಿನ ಫೈನಲ್‌ನ ಮೊದಲರ್ಧದಲ್ಲಿ ಕ್ಲೇಟನ್‌ಗೆ ಒಂದೂ ಅಂಕ ಬರಲಿಲ್ಲ. ಹ್ಯೂಸ್ಟನ್ ಅವನನ್ನು ಕಟ್ಟಿಹಾಕಿತ್ತು. ತಂಡವನ್ನು ತೇಲಿಸಿದ್ದು 18 ಅಂಕ ಹೊಡೆದ ರಿಚರ್ಡ್. ದ್ವಿತೀಯಾರ್ಧದಲ್ಲಿ ಹನ್ನೆರಡು ಅಂಕ ಹಿಂದೆ ಬಿದ್ದು ಮೇಲೆದ್ದ ಮೇಲೆ, ಕೊನೆಯ ಸೆಕೆಂಡುಗಳಲ್ಲಿ ಹ್ಯೂಸ್ಟನ್‌ನ ಇಮ್ಯಾನ್ಯುಯೆಲ್ ಶಾರ್ಪ್ ಮೂರಂಕಕ್ಕೆ ಎದ್ದಾಗ ಎದುರಿಗೆ ಹಾರಿಬಂದವನು ಕ್ಲೇಟನ್. ಶಾರ್ಪ್ ಶಾಟ್ ಹೊಡೆಯಲಾಗದೆ ಚೆಂಡು ಕೈಬಿಟ್ಟ. ತಾನೇ ಮತ್ತೆ ಮುಟ್ಟಿದರೆ ನಿಯಮಭಂಗ, ಹಾಗಾಗಿ ನೋಡುತ್ತ ನಿಂತ. ಗೆಲುವು ಕೈಗೆ ಬಂದದ್ದು ಹೀಗೆ: ಹೊಡೆಯುವವನು ರಕ್ಷಣೆಗೆ ನಿಂತು, ಚೆಂಡು ಬಿಟ್ಟುಕೊಡುವವನು ಹೊಡೆದು.

ಮೂವರೂ ಆ ಬೇಸಿಗೆಯಲ್ಲೇ ಎನ್‌ಬಿಎಗೆ ಹೋದರು. ಫ್ಲೋರಿಡಾ ಅರ್ಕನ್ಸಾದಿಂದ ಬೂಗಿ ಫ್ಲ್ಯಾಂಡ್‌ನನ್ನೂ ಪ್ರಿನ್ಸ್‌ಟನ್‌ನಿಂದ ಝೇವಿಯನ್ ಲೀಯನ್ನೂ ತಂದಿತು. ಇಬ್ಬರೂ ಹಳೆಯ ತಂಡಗಳಲ್ಲಿ ಚೆಂಡು ಕೈಯಲ್ಲಿಟ್ಟುಕೊಂಡೇ ಆಡಿದವರು. ಆಗ ಬಂದ ಮುನ್ನೋಟಗಳಲ್ಲಿ ಓದಲು ಯೋಗ್ಯವಾದವು, ಇವರಿಬ್ಬರ ಅಂಕ ಕೂಡಿಸಿ ಕ್ಲೇಟನ್‌ನ ಜಾಗ ತುಂಬಿತೆಂದವಲ್ಲ, ವಿಲ್ ರಿಚರ್ಡ್‌ನ ಕೆಲಸ ಇನ್ನು ಯಾರು ಮಾಡುತ್ತಾರೆಂದು ವಿಚಾರಿಸಿದವು.